ಗಿರಿಜೆ ಹತ್ತಿದ ಲೋಕಲ್

೨೦೦೯ರಲ್ಲಿ ನನ್ನ ಮೊದಲ ಕಾದಂಬರಿ ಕೊನೆಯ ಅಧ್ಯಾಯಕ್ಕೆ ಬಂದು ಮುಗ್ಗರಿಸಿ ನಿಂತಿತ್ತು. ಆಗ ನಾನು ಮುಂಬೈ ಹತ್ತಿರದ ಡೊಂಬಿವಲಿಯಿಂದ ಠಾಣೆ ಪಟ್ಟಣದ ಆಫೀಸಿಗೆ ಲೋಕಲ್ ರೈಲಿನಲ್ಲಿ ಹೋಗಿಬರುತ್ತಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಡುಗೆಮನೆಯಲ್ಲೇ ಬರೆಯುವುದು, ಕುಕ್ಕರ್ ಕೂಗಿದೊಡನೆ ಪೆನ್ನು ಮುಚ್ಚುವುದು. "ಕತೆ ಬರೆದ್ರೆ ಹೊಟ್ಟೆ ತುಂಬ್ತದಾ ಮಾರಾಯ್ತಿ?" ಎಂದು ಅತ್ತೆ ಕೇಳುತ್ತಿದ್ದರು. ತುಂಬುವುದಿಲ್ಲ, ನನಗೂ ಗೊತ್ತು. ಆದರೆ ಬರೆಯದ ದಿನ ಮನೆಯಲ್ಲಿ ಏನೋ ಮರೆತುಬಂದ ಹಾಗಾಗುತ್ತಿತ್ತು.

ಆ ಕತೆಯನ್ನು ನನ್ನ ಬಾಯಿಂದ ಕೇಳಿದವರು ಲೋಕಲ್‌ನ ಲೇಡೀಸ್ ಡಬ್ಬದ, ಅಂದರೆ ಹೆಂಗಸರ ಬೋಗಿಯ, ನಮ್ಮ ಗುಂಪಿನವರು ಮಾತ್ರ. ಒಬ್ಬರಿಗೂ ಕನ್ನಡ ಬಾರದು. ಸಂಜೆ ಅವರು ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರಲು ನನಗೆ ತುದಿ ಬಿಟ್ಟುಕೊಟ್ಟು ಬಟಾಣಿ ಸುಲಿಯುತ್ತಿದ್ದರು. ನಾನು ನನ್ನ ಹರಕುಮುರುಕು ಮರಾಠಿಯಲ್ಲಿ ಅಂದು ಬರೆದಷ್ಟನ್ನು ಹೇಳುತ್ತಿದ್ದೆ. ಗಂಡ ಬಿಟ್ಟುಹೋದ ಗಿರಿಜೆಯ ಕತೆ ಅದು.

ಅವಳನ್ನು ಮುಂದೇನು ಮಾಡಬೇಕೆಂದೇ ನನಗೆ ತೋಚಲಿಲ್ಲ. ಒಂಟಿಯಾಗಿ ಬಾಳಿದಳೆಂದು ಬರೆದರೆ ಊರಿನವರು ಓದಿ ಏನಂದಾರೋ ಎಂಬ ಹೆದರಿಕೆ ಬೇರೆ. ಕೊನೆಗೆ ಒಂದು ಕಾಯಿಲೆ ಕೊಟ್ಟು ಸಾಯಿಸಿಬಿಟ್ಟೆ. ಪೀಡೆ ಕಳೆಯಿತು ಅಂದುಕೊಂಡೆ.

ಅಂದು ಸಂಜೆ ಅದನ್ನು ಹೇಳಿದಾಗ ಎಲ್ಲರೂ ಅಯ್ಯೋ ಪಾಪ ಅಂದರು. ನನಗಿಂತ ಮುಂದೆ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿಯುವ ಶೈಲಾಕಾಕು ಮಾತ್ರ ಬಟಾಣಿ ಸುಲಿಯುತ್ತಲೇ ಇದ್ದರು. ನಮ್ಮಲ್ಲೆಲ್ಲ ಹಿರಿಯರು, ಯಾರಿಗೂ ತಮ್ಮ ಮನೆಯ ಸುದ್ದಿ ಹೇಳಿದವರಲ್ಲ. ಡೊಂಬಿವಲಿ ಬಂತೆಂದು ನಾನು ಎದ್ದಾಗ ಕೈ ಹಿಡಿದು, ತಮ್ಮ ಗಂಡನೂ ಹೀಗೆಯೇ ಬಿಟ್ಟುಹೋದ ಎಂದರು. ಆಮೇಲೆ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: "ನಾನು ಸತ್ತೆನೇನೇ? ಮರುದಿನ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಲೋಕಲ್ ಹತ್ತಿದೆ. ಅವಳನ್ನೂ ಹತ್ತಿಸು."

ಜನ ತಳ್ಳಿದ ಹಾಗೆ ಇಳಿದೆ. ಮರುದಿನ ಬೆಳಿಗ್ಗೆ ಆ ಅಧ್ಯಾಯವನ್ನು ಹರಿದುಹಾಕಿ ಮತ್ತೆ ಬರೆಯಲು ಕುಳಿತೆ. ಅನ್ನ ತಳ ಹಿಡಿಯಿತು, ಅತ್ತೆಯ ಕೈಲಿ ಬೈಸಿಕೊಂಡೆ, ಆದರೂ ಏಳಲಿಲ್ಲ. ಗಿರಿಜೆ ಲೋಕಲ್ ಹತ್ತುವಲ್ಲಿಗೆ ಕಾದಂಬರಿ ಮುಗಿಯಿತು.

ಪುಸ್ತಕ ಕೈಗೆ ಬಂದದ್ದು ಮರುವರ್ಷ, ದಸರೆಯ ಹೊತ್ತಿಗೆ. ಹಬ್ಬದ ಹಿಂದಿನ ದಿನ ನಾವು ಡಬ್ಬಕ್ಕೆ ಗೊಂಡೆಹೂವಿನ ಮಾಲೆ ಕಟ್ಟಿ ಆರತಿ ಮಾಡುವ ರೂಢಿ. ದೇವಿಯ ಪಟದ ಮುಂದೆ ಪುಸ್ತಕವನ್ನೂ ಇಟ್ಟರು. ಒಬ್ಬೊಬ್ಬರೂ ಅದನ್ನು ಎತ್ತಿ, ಓದಲಾಗದ ಅಕ್ಷರಗಳನ್ನು ನೋಡಿ, ಕಣ್ಣಿಗೊತ್ತಿಕೊಂಡರು. ನನಗೆ ಸಂತೋಷವೂ ಆಯಿತು, ಒಳಗೊಳಗೇ ಸಂಕಟವೂ ಆಯಿತು.

ಶೈಲಾಕಾಕು ಪುಸ್ತಕ ತೆರೆದು, ಅವಳು ಲೋಕಲ್ ಹತ್ತುವುದು ಎಲ್ಲಿದೆ ಎಂದು ಕೇಳಿದರು. ಕೊನೆಯ ಸಾಲನ್ನು ತೋರಿಸಿದೆ. ಕುಂಕುಮದ ಬೆರಳನ್ನು ಆ ಸಾಲಿನ ಮೇಲಿಟ್ಟು ನನ್ನ ಮುಖ ನೋಡಿದರು.

"ಚಢಲೀ ನಾ ತೀ?" ಹತ್ತಿದಳಲ್ಲವಾ ಎಂದು.

"ಹತ್ತಿದಳು ಕಾಕು," ಎಂದೆ. ಮರಾಠಿ ಮರೆತು ಕನ್ನಡದಲ್ಲೇ ಹೇಳಿದ್ದೆ. ಅವರಿಗೆ ಅರ್ಥವಾಯಿತು.

ಆಮೇಲೂ ಕಾದಂಬರಿ ಬರೆದಿದ್ದೇನೆ. ದಾರಿ ಕಾಣದೆ ಯಾರಿಗಾದರೂ ಕಾಯಿಲೆ ಕೊಡೋಣ ಅನ್ನಿಸಿದಾಗಲೆಲ್ಲ ಆ ಪ್ರತಿಯ ಕೊನೆಯ ಪುಟ ತೆರೆದು ನೋಡುತ್ತೇನೆ. ಕುಂಕುಮ ಮಾಸಿದೆ, ಬೆರಳಿನ ಗುರುತು ಹಾಗೇ ಇದೆ.