ರಜೆ ಅರ್ಜಿಯಲ್ಲಿ ಬರೆಯದ ಕಾಯಿಲೆ

ದೊಡ್ಡಪ್ಪ ಬರೆದುಕೊಟ್ಟ ಆ ರಜೆ ಅರ್ಜಿ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಮುತ್ತು ಪೋಣಿಸಿದಂಥ ಇಂಗ್ಲಿಷ್ ಅಕ್ಷರ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಪಿತ್ರಾರ್ಜಿತ ಆಸ್ತಿಯ ಪಾಲಿನ ವಿಷಯವಾಗಿ ಊರಿಗೆ ಹೋಗಬೇಕಾಗಿದೆ, ಒಂದು ತಿಂಗಳ ರಜೆ ದಯಪಾಲಿಸಬೇಕು ಎಂದು ಅದರಲ್ಲಿತ್ತು. ನಮಗೆ ಆಸ್ತಿ ಇರಲಿಲ್ಲ. ಅಪ್ಪನಿಗೆ ಕ್ಷಯ ಇತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ಬಡಾವಣೆ ಇನ್ನೂ ಹೊಸದು, ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟು. ಅಪ್ಪ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದ. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿ ರಿಟೈರಾಗಿ ಬಸವನಗುಡಿಯಲ್ಲಿದ್ದರು. ತಮ್ಮನಾದವನು ಕೈ ಮಸಿ ಮಾಡಿಕೊಳ್ಳುವ ಕೆಲಸಕ್ಕೆ ಸೇರಿದನಲ್ಲ ಎಂಬ ಬೇಸರ ಅವರಿಗೆ ಮೊದಲಿನಿಂದಲೂ ಇತ್ತು. ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮೀರುತ್ತಿರಲಿಲ್ಲ.

ಕೆಮ್ಮು ನಿಲ್ಲದೆ ಅಪ್ಪ ಎಕ್ಸ್‌ರೇ ತೆಗೆಸಿಕೊಂಡು ಬಂದ ದಿನ ದೊಡ್ಡಪ್ಪ ಬಂದು ಹಜಾರದ ಬಾಗಿಲು ಹಾಕಿದರು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ನಾನು ಅವಳ ಹಿಂದೆ.

"ನೋಡಮ್ಮ, ಒಂದೇ ಕಡೆ ಮಚ್ಚೆ ಅಂತೆ. ಇಂಜೆಕ್ಷನ್ ತಗೊಂಡು ರೆಸ್ಟ್ ಮಾಡಿದ್ರೆ ಹೋಗತ್ತೆ. ಆದ್ರೆ ಆ ಹೆಸರು ಮಾತ್ರ ಈ ಮನೆ ಬಾಗಿಲು ದಾಟಬಾರದು," ಎಂದರು.

"ಯಾಕೆ ಭಾವ?" ಎಂದಳು ಅಮ್ಮ.

ದೊಡ್ಡಪ್ಪ ನನ್ನ ಕಡೆ ಬೆರಳು ತೋರಿಸಿದರು. "ಇವಳಿಗೆ ಮದುವೆ ಆಗ್ಬೇಕೋ ಬೇಡ್ವೋ?"

ನನ್ನ ಮದುವೆ! ನನಗಾಗ ಹದಿನೈದು. ಎರಡು ಜಡೆ ಹಾಕಿಕೊಂಡು, ಆಲ್ಜೀಬ್ರ ಬರದೆ ಒದ್ದಾಡುತ್ತಿದ್ದೆ. ಯಾವ ಊರಲ್ಲಿದ್ದಾನೋ ಗೊತ್ತಿಲ್ಲದ ಒಬ್ಬ ಗಂಡಿಗೋಸ್ಕರ, ನಮ್ಮೆದುರಿಗೆ ಕೂತು ಕೆಮ್ಮುತ್ತಿದ್ದ ಗಂಡಸಿನ ಕಾಯಿಲೆಯನ್ನು ಮುಚ್ಚಿಡಬೇಕೆಂದು ಅವತ್ತು ತೀರ್ಮಾನವಾಯಿತು. ಅಪ್ಪ ತಲೆ ಬಗ್ಗಿಸಿ, "ಅಣ್ಣ ಹೇಳಿದ ಹಾಗೇ ಆಗ್ಲಿ," ಎಂದ. ನಾನೂ ಸುಮ್ಮನಿದ್ದೆ. ನನ್ನ ಮೇಲಿನ ಸಿಟ್ಟು ನನಗೆ ಅಲ್ಲಿಂದಲೇ ಶುರು.

ತಲಘಟ್ಟಪುರದಲ್ಲಿ ಅಮ್ಮನ ದೂರದ ನೆಂಟರದೊಂದು ಸೇವಂತಿಗೆ ತೋಟವಿತ್ತು. ಅಪ್ಪನನ್ನು ಅಲ್ಲಿನ ಪಂಪ್‌ಸೆಟ್ ಕೋಣೆಯಲ್ಲಿ ಬಿಟ್ಟು ಬಂದರು. ಒಬ್ಬ ಕಾಂಪೌಂಡರ್ ಸೈಕಲ್ಲಿನಲ್ಲಿ ಹೋಗಿ ಇಂಜೆಕ್ಷನ್ ಕೊಡಬೇಕೆಂದು ಮಾತಾಗಿತ್ತು. ಮನಸ್ಸು ಬಂದ ದಿನ ಹೋಗುತ್ತಿದ್ದ, ಇಲ್ಲದ ದಿನ ಇಲ್ಲ. ಭಾನುವಾರ ನಾನು ಕನಕಪುರ ರಸ್ತೆಯ ಬಸ್ಸು ಹಿಡಿದು ಅಪ್ಪನಿಗೆ ಊಟ, ಒಗೆದ ಬಟ್ಟೆ ಒಯ್ಯುತ್ತಿದ್ದೆ. ಅಪ್ಪ ನನ್ನನ್ನು ಬಾಗಿಲಾಚೆಯೇ ನಿಲ್ಲಿಸಿ, "ಲೆಕ್ಕ ಬಂತಾ?" ಎಂದು ಆಲ್ಜೀಬ್ರ ವಿಚಾರಿಸುತ್ತಿದ್ದ.

ಬೀದಿಯವರಿಗೆಲ್ಲ ಪಾಲಿನ ಕಥೆಯೇ. ಎದುರು ಮನೆಯಾಕೆ ನೀರು ಹಿಡಿಯುವಾಗ, "ಎಷ್ಟು ಎಕರೆ ಬರತ್ತಂತೆ ನಿಮ್ಗೆ?" ಎಂದು ಕೇಳುತ್ತಿದ್ದಳು. "ಇನ್ನೂ ಅಳತೆ ಆಗ್ತಿದೆ," ಎನ್ನುವುದನ್ನು ಅಮ್ಮ ಚೆನ್ನಾಗಿ ಕಲಿತುಬಿಟ್ಟಿದ್ದಳು. ಹಾಗೆ ಹೇಳಿ ಒಳಗೆ ಬಂದು, ಕದ ಮುಂದೆ ಮಾಡಿ, ಅಂಗಡಿಗೆ ಕೊಡುವ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಏಕೆಂದರೆ ರಜೆ ಒಂದು ತಿಂಗಳಿಂದ ಮೂರು ತಿಂಗಳಿಗೆ ಬೆಳೆದಿತ್ತು, ಸಂಬಳ ನಿಂತುಹೋಗಿತ್ತು. ಪ್ರತಿ ಸಲವೂ ದೊಡ್ಡಪ್ಪ ಇನ್ನೊಂದು ಅರ್ಜಿ ಬರೆಯುತ್ತಿದ್ದರು. ಇಲ್ಲದ ಆಸ್ತಿಯ ಪಾಲು ಕಾಗದದ ಮೇಲೆ ಮುಂದುವರಿಯುತ್ತಲೇ ಹೋಯಿತು.

ಮೂರು ತಿಂಗಳಾದ ಮೇಲೆ ಕಾರ್ಖಾನೆಯಿಂದ ಕಾಗದ ಬಂತು. ಸ್ವಂತ ಕೆಲಸಕ್ಕೆ ಇನ್ನು ರಜೆ ಇಲ್ಲ, ಸೋಮವಾರದಿಂದ ಹಾಜರಾಗದಿದ್ದರೆ ಕೆಲಸದಿಂದ ತೆಗೆಯಲಾಗುವುದು. ದೊಡ್ಡಪ್ಪ ಅದನ್ನು ಎರಡು ಸಲ ಓದಿ, "ಪರವಾಗಿಲ್ಲ, ಈಗ ಚೇತರಿಸ್ಕೊಂಡಿದಾನೆ, ಹೋಗ್ಲಿ," ಎಂದರು. ಚೇತರಿಕೆ ಅವರಿಗೆ ಎಲ್ಲಿ ಕಂಡಿತೋ ದೇವರೇ ಬಲ್ಲ. ಅಪ್ಪನ ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿತ್ತು.

ಅಪ್ಪ ಕೆಲಸಕ್ಕೆ ಹೋದ. ಮೊದಲ ದಿನ ಗೇಟಿನಲ್ಲೇ ಜೊತೆಯ ಕೆಲಸಗಾರರು ಹಾರ ಹಾಕಿ, "ಏನ್ ಗುರು, ಜಮೀನ್ದಾರ ಆಗ್ಬಿಟ್ಟೆ, ಸ್ವೀಟ್ ಎಲ್ಲಿ?" ಎಂದು ಮುತ್ತಿಕೊಂಡರಂತೆ. ಅಪ್ಪ ಸುಳ್ಳನ್ನು ಉಳಿಸುವುದಕ್ಕಾಗಿ, ಅಮ್ಮ ಹಪ್ಪಳ ಮಾರಿ ಔಷಧಿಗೆಂದು ಕೊಟ್ಟಿದ್ದ ದುಡ್ಡಿನಲ್ಲಿ ಅವರಿಗೆಲ್ಲ ಮೈಸೂರುಪಾಕು ಹಂಚಿದ. ಈ ಒಂದು ಸಂಗತಿಯನ್ನು ನನ್ನಿಂದ ಇಷ್ಟು ವರ್ಷವಾದರೂ ಸಮಾಧಾನವಾಗಿ ಹೇಳಲು ಆಗಿಲ್ಲ.

ಒಂಬತ್ತನೆಯ ದಿನ ಯಂತ್ರದ ಮುಂದೆಯೇ ರಕ್ತ ಕಾರಿಕೊಂಡ. ಪಕ್ಕದ ಲೇತಿನಲ್ಲಿದ್ದ, ಬಸವನಗುಡಿಯಾಚೆಯ ಶ್ರೀನಗರದ ಒಬ್ಬರು ಜಟಕಾದಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದರು. ಅಪ್ಪನನ್ನು ಮಲಗಿಸಿ, ನೀರನ್ನೂ ಕುಡಿಯದೆ ಅಮ್ಮನನ್ನು ಕೇಳಿದರು.

"ಎಷ್ಟು ದಿನದಿಂದ ಅಮ್ಮಾವ್ರೇ ಇದು?"

ಅಮ್ಮ ಅಳುವುದಕ್ಕೆ ಶುರು ಮಾಡಿದಳು. "ನಾಲ್ಕು ತಿಂಗಳಾಗ್ತಾ ಬಂತು," ಎಂದು ನಾನೇ ಹೇಳಿದೆ.

ಆತ ಹಣೆ ಚಚ್ಚಿಕೊಂಡರು. "ಮತ್ತೆ ಪಾಲು ಗೀಲು ಅಂತ ಯಾಕೆ ಬರೆದ್ರಿ? ನಮ್ಮ ಸಂಬಳದಲ್ಲಿ ತಿಂಗಳು ತಿಂಗಳು ವಿಮೆಗೆ ಹಿಡೀತಾರಲ್ಲ, ಅದು ಯಾತಕ್ಕೆ? ನನ್ಗೂ ಎರಡು ವರ್ಷದ ಹಿಂದೆ ಇದೇ ಆಗಿತ್ತು. ವಿಮೆ ಡಾಕ್ಟ್ರು ಚೀಟಿ ಕೊಟ್ರು, ಅರ್ಧ ಸಂಬಳ ಮನೆಗೆ ಬರೋದು, ಔಷಧಿ ಬಿಟ್ಟಿ. ಕೆಲಸದಿಂದ ಯಾರೂ ತೆಗೀಲಿಲ್ಲ. ಯಂತ್ರದ ಮುಂದೆ ನಿಂತಿದೀನಿ ನೋಡಿ, ಕಲ್ಲಿನ ಥರ."

ಕ್ಷಯ ಬಂದಿತ್ತೆಂದು ಒಬ್ಬ ಮನುಷ್ಯ ನೆಗಡಿ ಬಂದಿತ್ತು ಎನ್ನುವಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆತ ಹೊರಟ ಮೇಲೆ ನಾನು ಒಬ್ಬಳೇ ಬಸವನಗುಡಿಗೆ ನಡೆದುಕೊಂಡು ಹೋದೆ. ದೊಡ್ಡಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ವಿಮೆ ದುಡ್ಡು ಬರತ್ತೆ ಅಂತ ನಿಮ್ಗೆ ಗೊತ್ತಿತ್ತಾ ದೊಡ್ಡಪ್ಪ?"

"ಗೊತ್ತಿಲ್ದೆ ಏನು? ಮೂವತ್ತು ವರ್ಷ ಕಾಗದ ಪತ್ರ ನೋಡಿದೋನು ನಾನು. ಆ ಚೀಟಿ ಮೇಲೆ ಕಾಯಿಲೆ ಹೆಸರು ಬರೀತಾರೆ. ಅದು ಹತ್ತು ಟೇಬಲ್ ದಾಟತ್ತೆ. ಒಬ್ಬ ಗುಮಾಸ್ತ ಬಾಯಿ ಬಿಟ್ರೆ ಸಾಕು, ನಮ್ಮ ಜನದಲ್ಲಿ ಯಾರೂ ನಿನ್ನ ಕಡೆ ತಿರುಗಿ ನೋಡಲ್ಲ."

ತಿಳಿಯದೆ ಮಾಡಿದ್ದಾರೆ ಎಂದುಕೊಂಡೇ ಅಲ್ಲಿಗೆ ಹೋಗಿದ್ದೆ. ತಿಳಿದೇ ಮಾಡಿದ್ದರು. ಒಳಗಿನಿಂದ ದೊಡ್ಡಮ್ಮ ಕಾಫಿ ತಂದಳು. ನಾನು ಕುಡಿಯದೆ ಎದ್ದು ಬಂದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಜಗಳವಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ, ನಾನು ಸೇರಿ ಅಪ್ಪನನ್ನು ವಿಮೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ, ನಾವು ಒಯ್ದಿದ್ದ ಹಳೆಯದನ್ನು ಪಕ್ಕಕ್ಕಿಟ್ಟು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಆಗ ಎಡಗಡೆ ಏನೂ ಇರ್ಲಿಲ್ಲ. ಈಗ ಎರಡೂ ಕಡೆ ಹಬ್ಬಿದೆ. ಚೀಟಿ ಇವತ್ತಿನ ತಾರೀಕಿಗೆ ಕೊಡ್ತೀನಿ, ಹಿಂದಿನದಕ್ಕೆ ಕೊಡಕ್ಕಾಗಲ್ಲ. ಇಷ್ಟು ದಿನ ಯಾಕೆ ಬರ್ಲಿಲ್ಲ ನೀವು?"

"ಮಗಳ ಮದುವೆ ವಿಷಯ ಇತ್ತು ಸಾರ್," ಎಂದ ಅಪ್ಪ.

ಡಾಕ್ಟರು ನನ್ನನ್ನು ನೋಡಿದರು. ನನ್ನ ಬಗಲಲ್ಲಿ ಸ್ಕೂಲಿನ ಚೀಲವಿತ್ತು, ಮಧ್ಯಾಹ್ನ ಪರೀಕ್ಷೆಗೆ ಹೋಗಬೇಕಿತ್ತು.

"ಈ ಹುಡುಗೀದಾ? ಯಾವಾಗ ಮದುವೆ?"

"ಇನ್ನೂ ಯಾರೂ ನೋಡಕ್ಕೆ ಬಂದಿಲ್ಲ ಸಾರ್."

ಡಾಕ್ಟರು ಚೀಟಿ ಬರೆದರು. ಅಪ್ಪ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತ.

ಹಿಂದಿನ ತಿಂಗಳುಗಳ ದುಡ್ಡು ಕೇಳಲು ಹೋದಾಗ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ ದೊಡ್ಡಪ್ಪನ ಮೂರು ಅರ್ಜಿಗಳನ್ನು ಅಮ್ಮನ ಮುಂದೆ ಹರಡಿ, "ನೀವೇ ಬರೆದುಕೊಟ್ಟಿದೀರಲ್ಲಮ್ಮ, ಈ ಮೂರು ತಿಂಗಳು ನಿಮ್ಮ ಯಜಮಾನ್ರಿಗೆ ಕಾಯಿಲೇನೇ ಇರ್ಲಿಲ್ಲ," ಎಂದ. ಅವನಿಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಸುಳ್ಳು ನಮ್ಮದಾಗಿತ್ತು. ಅಲ್ಲಿಂದ ಮುಂದೆ ಮಾತ್ರ ಅರ್ಧ ಸಂಬಳ ತಪ್ಪದೆ ಬಂತು. ಅಮ್ಮ ಕದ ತೆರೆದಿಟ್ಟೇ ಹಪ್ಪಳ ಒಣಗಿಸತೊಡಗಿದಳು. ಎದುರು ಮನೆಯಾಕೆ ವಿಷಯ ತಿಳಿದ ದಿನ ಒಂದು ಡಬ್ಬಿ ಸಾರು ತಂದುಕೊಟ್ಟು, "ಮೊದಲೇ ಹೇಳಬಾರದಿತ್ತೇನ್ರೀ?" ಎಂದು ಬೈದಳು. ನಾವು ಇಷ್ಟು ದಿನ ಹೆದರಿದ್ದು ಇಂಥ ಜನಕ್ಕೆ.

ಶ್ರೀನಗರದವರು ಕಲ್ಲಿನ ಹಾಗೆ ಯಂತ್ರದ ಮುಂದೆ ನಿಂತೇ ಇದ್ದರು. ಅಪ್ಪ ಮಾತ್ರ ಮತ್ತೆ ನಿಲ್ಲಲಿಲ್ಲ. ಒಂದೂವರೆ ವರ್ಷ ಮಲಗಿದ್ದು ಹೋಗಿಬಿಟ್ಟ.

ನನ್ನನ್ನು ನೋಡಲು ಮೊದಲ ಸಲ ಗಂಡಿನ ಕಡೆಯವರು ಬಂದದ್ದು ಅದಾಗಿ ಮೂರು ವರ್ಷಕ್ಕೆ. ದೊಡ್ಡಪ್ಪನೇ ಮುಂದೆ ನಿಂತು ಕರೆಸಿದ್ದರು. ನಾನು ಕೇಸರಿಬಾತಿನ ತಟ್ಟೆ ಇಟ್ಟು ಚಾಪೆಯ ಮೇಲೆ ಕೂತೆ. ಗಂಡಿನ ತಾಯಿ ಒಳ್ಳೆಯ ಹೆಂಗಸು, ಮೆತ್ತಗೆ ಕೇಳಿದರು.

"ತಂದೆ ಏನಾಗಿ ಹೋದ್ರಮ್ಮ?"

"ಹಾರ್ಟು," ಎಂದರು ದೊಡ್ಡಪ್ಪ. "ಇದ್ದಕ್ಕಿದ್ದ ಹಾಗೆ."

"ಅಲ್ಲ," ಎಂದೆ ನಾನು. "ಕ್ಷಯ. ವಾಸಿಯಾಗ್ತಿತ್ತು. ನೀವು ಬರ್ತೀರಿ ಅಂತ ಮುಚ್ಚಿಟ್ಟು ಸಾಯಿಸಿದ್ವಿ."