ಹನ್ನೊಂದು ಊರಿನ ಬಿರುದು, ಒಂದು ಬಟ್ಟಲು ಸಾರು

ಹುಮ್ ನಾಡಿನ ಪ್ರಿಬಿಸಾವ್ ದೊರೆಗಳ ಬಿರುದು ಕೂಗುವ ಗ್ರುಬಾಚನಿಗೆ ಗಂಟಲೊಂದೇ ಆಸ್ತಿ. ದೊರೆ ಊಟಕ್ಕೆ ಕೂತರೆ ಸಾಕು, ಬಾಗಿಲಲ್ಲಿ ಎದೆ ಸೆಟೆಸಿ ನಿಂತು “ಗ್ಲಾವಿತ್ಸದ ಒಡೆಯರು, ಡ್ರೆನೊವಾದ ಒಡೆಯರು” ಎಂದು ಹನ್ನೊಂದು ಊರನ್ನೂ ಕೂಗಬೇಕು. ಕೂಗು ಮುಗಿಯುವ ತನಕ ದೊರೆ ಚಮಚ ಮುಟ್ಟುವಂತಿಲ್ಲ. ಹೀಗಾಗಿ ಮೂವತ್ತು ವರ್ಷದಿಂದ ಅವರು ಬಿಸಿ ಸಾರಿನ ರುಚಿ ಕಂಡವರಲ್ಲ.

ಆಟೊಮನ್ ತುರ್ಕರು ಬಂದು ಊರುಗಳನ್ನು ಒಂದೊಂದಾಗಿ ನುಂಗಿದರು. ಬಿರುದು ಮಾತ್ರ ಒಂದಕ್ಷರವೂ ಸವೆಯಲಿಲ್ಲ.

“ಹೋದ ಊರುಗಳನ್ನಾದ್ರೂ ಬಿಟ್ಟು ಕೂಗಬಾರದೇನ್ರೀ? ಕುರಿ ಕೊಬ್ಬು ಸಾರಿನ ಮೇಲೆ ಕಲ್ಲಾಗುತ್ತೆ,” ಎನ್ನುತ್ತಿದ್ದಳು ಅಡುಗೆಮನೆ ನೋಡಿಕೊಳ್ಳುವ ಗ್ರುಬಾಚನ ಹೆಂಡತಿ ಯೆಲಿನಾ.

“ಸುಮ್ನಿರೇ. ಊರು ಹೋದ್ರೇನು, ನನ್ನ ಗಂಟಲು ಹೋಗಿದೆಯಾ?” ಎನ್ನುತ್ತಿದ್ದ, ರಾಜ್ಯವೆಲ್ಲ ತನ್ನ ಗಂಟಲ ಮೇಲೇ ನಿಂತಿರುವಂತೆ.

ಕೊನೆಗೆ ಉಳಿದದ್ದು ಗುಡ್ಡದ ಮೇಲಿನ ಕೋಟೆಯೊಂದೇ. ಅದನ್ನೂ ಒಪ್ಪಿಸುವ ದಿನ ಬಂತು. ಬೀಗದ ಕೈ ಪಡೆಯಲು ಬಂದ ತುರ್ಕ ಸರದಾರ ಉರುಚ್ ಬೇ ಮಧ್ಯಾಹ್ನದ ಊಟಕ್ಕೆ ದೊರೆಯ ಎದುರಿಗೇ ಕೂತ. ಊಟವಾದ ಮೇಲೆ ದೊರೆಯನ್ನು ಕಡಲ ದಡದ ದುಬ್ರೊವ್ನಿಕ್ ಪಟ್ಟಣಕ್ಕೆ ಸುಖವಾಗಿ ಹೋಗಗೊಡುವುದಾಗಿ ಮಾತು ಕೊಟ್ಟಿದ್ದ.

ಯೆಲಿನಾ ಗಂಡನ ತೋಳು ಹಿಡಿದಳು. “ಇವತ್ತು ಒಡೆಯರು ಗಿಡೆಯರು ಅಂತ ಕೂಗಿದ್ರೆ ಸರದಾರರಿಗೆ ಉರಿಯುತ್ತೆ. ದೊರೆ ಕುತ್ತಿಗೆಗೇ ಬರುತ್ತೆ ನೋಡಿ.”

“ಕೂಗದಿದ್ರೆ ಅವರು ತುತ್ತು ಎತ್ತಲ್ವಲ್ಲೇ! ಕೋಟೆ ಬಿಡಬೇಕು ಅಂದಾಗಿಂದ ಸರಿಯಾಗಿ ಉಂಡಿಲ್ಲ.”

ದೊರೆ ಬಟ್ಟಲ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕಾದರು. “ಏನೋ ಗ್ರುಬಾಚ, ಗಂಟಲು ಕಟ್ಟಿತಾ?”

ಗ್ರುಬಾಚ ಉಸಿರೆಳೆದುಕೊಂಡ.

“ಗ್ಲಾವಿತ್ಸದ ಸೇತುವೆ ಕಟ್ಟಿಸಿದವರು! ಡ್ರೆನೊವಾದ ಹುಡುಗಿಯ ಕೈ ಹಿಡಿದವರು! ಕ್ರುಷೆವ್‌ನ ಪ್ಲಮ್ ಮರದಿಂದ ಬಿದ್ದು ಹಲ್ಲು ಮುರಿದುಕೊಂಡವರು!”

ದೊರೆಯ ಹುಬ್ಬು ಹಣೆಗೇರಿತು. ಗ್ರುಬಾಚ ನಿಲ್ಲಿಸಲಿಲ್ಲ. ಹನ್ನೊಂದು ಊರೂ ಬಂದು ಹೋದವು. ‘ಒಡೆಯರು’ ಎಂಬ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ.



“ಹಲ್ಲಲ್ಲವೋ, ಮೊಣಕೈ,” ಎಂದರು ದೊರೆ.

“ಹಲ್ಲೇ, ಬುದ್ಧೀ. ನಾನು ಮರದ ಕೆಳಗೇ ನಿಂತಿದ್ದೆ.”

ಉರುಚ್ ಬೇ ಮೀಸೆಯಡಿ ನಕ್ಕ. “ಇವನು ಕೂಗಿದ್ದರಲ್ಲಿ ನಮ್ಮ ಸುಲ್ತಾನರಿಗೆ ಸೇರಬೇಕಾದ್ದು ಏನೂ ಇಲ್ಲ. ಊಟ ಮಾಡಿ, ದೊರೆ.”

ದೊರೆ ಚಮಚ ಎತ್ತಿದರು. ಬಿರುದು ಎಂದಿಗಿಂತ ಉದ್ದವಾಗಿದ್ದರಿಂದ ಸಾರು ಎಂದಿಗಿಂತ ತಣ್ಣಗಾಗಿತ್ತು. ಆದರೂ ಬಟ್ಟಲು ಬರಿದಾಯಿತು.

“ಯೆಲಿನಾ, ಇನ್ನೊಂದು ಬಟ್ಟಲು ತಾರಮ್ಮ. ಗ್ರುಬಾಚ, ನೀನು ಇದಕ್ಕೆ ಬಾಯಿ ಬಿಡಬೇಡ. ಬಾ, ಇಲ್ಲೇ ಕೂತ್ಕೋ.”

ಹಬೆಯಾಡುವ ಸಾರು ಬಂತು. ಅಭ್ಯಾಸವಿಲ್ಲದ ದೊರೆ ಚಮಚ ತುಂಬಾ ಬಾಯಿಗಿಟ್ಟು, ನಾಲಿಗೆ ಸುಟ್ಟುಕೊಂಡರು.