ಕೆಮ್ಮಣ್ಣಿನ ಮೂರು ದಿನ

ನನ್ನ ಅತ್ತೆಯ ಮೇಲೆ ನನಗೆ ಈಗಲೂ ಕೋಪವಿದೆ. ಸತ್ತವರ ಬಗ್ಗೆ ಹಾಗೆಲ್ಲ ಬರೆಯಬಾರದು ಎನ್ನುವವರು ಮುಂದೆ ಓದುವುದು ಬೇಡ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನೆರಡು ಕಿಡ್ನಿಯೂ ಕೈಕೊಟ್ಟಾಗ ಅಮ್ಮ ತನ್ನದೊಂದನ್ನು ಕೊಟ್ಟಳು. ನನ್ನ ಮೈ ಅದನ್ನು ಪರರದೆಂದು ತಳ್ಳಿಬಿಡದಂತೆ ದಿನಕ್ಕೆರಡು ಹೊತ್ತು ಮಾತ್ರೆ ನುಂಗಬೇಕಿತ್ತು. "ಒಂದು ಹೊತ್ತೂ ತಪ್ಪಿಸ್ಬೇಡಿ ಕಣಮ್ಮ," ಎಂದು ಡಾಕ್ಟರು ಅತ್ತೆಯ ಎದುರಿಗೇ ಹೇಳಿದ್ದರು. ಆ ಮಾತ್ರೆ ಮೈಯ ಕಾವಲನ್ನೇ ಮಂಕಾಗಿಸುತ್ತದೆ, ಹಳೆಯ ರೋಗವೇನಾದರೂ ಎದ್ದರೆ ಅವತ್ತೇ ಬನ್ನಿ ಎಂದೂ ಹೇಳಿದ್ದರು.

ಐದನೇ ತಿಂಗಳಲ್ಲಿ ಎದ್ದಿತು. ಏಳು ವರ್ಷದವಳಿದ್ದಾಗ ಬಂದಿದ್ದ ಸೀತಾಳೆ ಸಿಡುಬು ಬೆನ್ನಿನ ಯಾವುದೋ ನರದಲ್ಲಿ ಇಷ್ಟು ವರ್ಷ ಮಲಗಿತ್ತಂತೆ. ಸೊಂಟದ ಎಡಕ್ಕೆ ಪಟ್ಟಿಯಂತೆ ಗುಳ್ಳೆ, ತಡೆಯಲಾರದ ಉರಿ. ಚಾಮರಾಜಪುರಂನ ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಹೆಸರು, ಸರ್ಪಸುತ್ತು.

ನನ್ನ ಗಂಡನದು ತಿರುಗಾಟದ ಕೆಲಸ, ಆ ವಾರ ಊರಲ್ಲಿರಲಿಲ್ಲ. ಅತ್ತೆ ಮಂಡಿ ಮೊಹಲ್ಲಾದಿಂದ ಒಬ್ಬ ಮುದುಕನನ್ನು ಕರೆಸಿದರು. ಅವನು ಕೆಮ್ಮಣ್ಣು ಕಲಸಿ ಗುಳ್ಳೆಗಳ ಎರಡು ತುದಿಗೂ ಗೆರೆ ಎಳೆದ. ಸರ್ಪದ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ, ಕೂಡದಂತೆ ಅಡ್ಡ ಹಾಕಿದ್ದೇನೆ ಎಂದ. ಮಣ್ಣು ತಂಪಾಗಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅತ್ತೆ ನನ್ನ ಮಾತ್ರೆ ಡಬ್ಬಿಯನ್ನೂ ಎತ್ತಿಟ್ಟರು.

"ಸರ್ಪ ಮೈಮೇಲಿರೋವಾಗ ಇಂಗ್ಲಿಷ್ ಮಾತ್ರೆ ನುಂಗಬಾರ್ದು ಕಣೆ. ಮೂರು ದಿನ ಬುಟ್ಟರೆ ಏನೂ ಆಗಲ್ಲ."

ಬೇಡಿಕೊಂಡೆ. ಆ ಜ್ವರದಲ್ಲಿ ಎದ್ದು ಹುಡುಕಲೂ ಆಗಲಿಲ್ಲ. ನಾಲ್ಕನೇ ಬೆಳಿಗ್ಗೆ ವಿಜಯನಗರದಿಂದ ಅಮ್ಮ ಬಂದಳು; ದೇವರ ಪಟದ ಹಿಂದೆ ಡಬ್ಬಿ ಕಂಡು ಆಟೋ ಕರೆದಳು. ಗುಳ್ಳೆಗೆ ಔಷಧಿ ಸಿಕ್ಕಿತು. ಕಿಡ್ನಿ ಆಗಲೇ ಪೆಟ್ಟು ತಿಂದಿತ್ತು. ಎರಡು ವರ್ಷ ಕುಂಟಿತು, ನಿಂತಿತು. ಅಮ್ಮನ ಕಿಡ್ನಿ ಅದು. ನಾನು ಡಯಾಲಿಸಿಸ್ ಹಾಸಿಗೆಗೆ ವಾಪಸ್ಸಾದೆ. ಅತ್ತೆ "ಹಣೇಲಿ ಬರ್ದಿತ್ತು" ಎಂದರು. ತಪ್ಪಾಯಿತು ಎಂದು ಒಮ್ಮೆಯೂ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ನಾನೊಂದು ವಿಷಯ ಕಲಿತಿದ್ದೆ. ಸರ್ಪಸುತ್ತಿನ ಮಾತ್ರೆ ಮೊದಲ ಮೂರು ದಿನದೊಳಗೆ ಹೊಟ್ಟೆಗೆ ಬೀಳಬೇಕು. ತಡವಾದರೆ, ಅದರಲ್ಲೂ ವಯಸ್ಸಾದವರಿಗೆ, ಗುಳ್ಳೆ ಒಣಗಿದರೂ ನೋವು ಉಳಿದುಬಿಡಬಹುದು.

ಕೆಲವು ವರ್ಷಗಳಾದ ಮೇಲೆ ಅತ್ತೆಗೇ ಎದ್ದಿತು. ಮುಪ್ಪೂ ಮೈಯ ಕಾವಲನ್ನು ಮಂಕಾಗಿಸುತ್ತದೆ. ಗಂಡ ಆಗಲೂ ಪರ ಊರಲ್ಲಿದ್ದರು.

"ನಿಂಗೆ ಕೊಟ್ಟಿದ್ರಲ್ಲ, ಆ ಗುಳಿಗೆ ತರ್ಸಮ್ಮ. ತಡ್ಕೊಳಕ್ಕಾಗ್ತಿಲ್ಲ," ಎಂದರು.

"ಸರ್ಪ ಮೈಮೇಲಿರೋವಾಗ ಮಾತ್ರೆ ನುಂಗಬಾರ್ದಲ್ವಾ ಅತ್ತೆ? ಮೂರು ದಿನ ಬುಡಿ, ಏನೂ ಆಗಲ್ಲ," ಎಂದೆ.

ಕೆಮ್ಮಣ್ಣು ನಾನೇ ಕಲಸಿದೆ, ನಾನೇ ಹಚ್ಚಿದೆ. ಅವರು ಅತ್ತರು. ನನಗೆ ಕನಿಕರ ಬರುತ್ತದೇನೋ ಎಂದು ನಾನೂ ಕಾದೆ, ಬರಲಿಲ್ಲ. ಹಿತವಾಗಿತ್ತು. ನಾಲ್ಕನೇ ಬೆಳಿಗ್ಗೆ ಆಟೋ ಕರೆದೆ.

ಗುಳ್ಳೆ ಒಣಗಿತು, ಉರಿ ಉಳಿಯಿತು. ಸಾಯುವವರೆಗೂ ಅವರಿಗೆ ಸೀರೆಯ ನೆರಿಗೆ ಸೊಂಟಕ್ಕೆ ತಾಗಿದರೆ ಆಗುತ್ತಿರಲಿಲ್ಲ.

ಅಮ್ಮ ಮೆಚ್ಚಿಯಾಳು ಎಂದು ಅವಳಿಗೆ ಎಲ್ಲ ಹೇಳಿದೆ. ಅವಳು ತನ್ನ ಪಕ್ಕೆಯ ಹೊಲಿಗೆ ಗುರುತನ್ನು ಸವರಿಕೊಂಡಳು.

"ನಾನು ಕೊಟ್ಟಿದ್ದು ವಾಪಸ್ ಬಂತಾ ಮಗಳೆ?"

ಇಲ್ಲ ಎಂದೆ. ನನಗೆ ಸಿಕ್ಕಿದ್ದು ಆ ಮೂರು ದಿನ ಮಾತ್ರ, ಅದನ್ನು ಇವತ್ತಿಗೂ ಬಿಟ್ಟುಕೊಡಲಾರೆ.